ಮೀನಿನ ಕಿವಿಕಲ್ಲು ಓದುವುದು ಹೇಗೆ? ತಲೆ ಬಿಡಿಸುವುದರಿಂದ ವಯಸ್ಸಿನ ಲೆಕ್ಕದವರೆಗೆ

ಮೀನಿನ ತಲೆಯೊಳಗೆ, ಮಿದುಳಿನ ಎರಡೂ ಬದಿಗೆ ಮೂರು ಮೂರು ಪುಟ್ಟ ಕಲ್ಲುಗಳಿರುತ್ತವೆ. ಮೀನು ಶಬ್ದ ಕೇಳುವುದಕ್ಕೆ, ನೀರಿನಲ್ಲಿ ಮಗುಚಿಕೊಳ್ಳದೆ ಈಜುವುದಕ್ಕೆ ಇವು ಬೇಕು. ಪ್ರಯೋಗಾಲಯದಲ್ಲಿ ಇವನ್ನು ಓಟೋಲಿತ್ ಅನ್ನುತ್ತಾರೆ. ಇಲ್ಲಿ ಕಿವಿಕಲ್ಲು ಎಂದೇ ಕರೆಯೋಣ. ಕಿವಿಯ ಮೂಳೆ ಎಂದು ಹೇಳುವವರೂ ಇದ್ದಾರೆ, ಆದರೆ ಇದು ಮೂಳೆಯಲ್ಲ. ತೆಳುವಾದ ಪ್ರೋಟೀನ್ ಜಾಲದ ಮೇಲೆ ಕೂತ ಕ್ಯಾಲ್ಸಿಯಂ ಕಾರ್ಬೊನೇಟ್. ಹಸಿವಿನ ಕಾಲದಲ್ಲಿ ಮೀನು ತನ್ನ ಹುರುಪೆಯಿಂದ, ಮೂಳೆಯಿಂದ ಕ್ಯಾಲ್ಸಿಯಂ ವಾಪಸ್ ಪಡೆಯಬಲ್ಲದು. ಕಿವಿಕಲ್ಲಿನಿಂದ ಹಾಗೆ ಪಡೆಯುವುದಿಲ್ಲ. ಒಮ್ಮೆ ಕೂತ ಪದರ ಹಾಗೇ ಉಳಿಯುತ್ತದೆ. ಅದರ ಮೇಲೆ ಹೊಸ ಪದರ, ಈರುಳ್ಳಿಯಲ್ಲಿ ಇರುವ ಹಾಗೆ ಸುತ್ತಲೂ ಬೆಳೆಯುತ್ತಾ ಹೋಗುತ್ತದೆ.

ಇದರಿಂದಲೇ ಈ ಪುಟ್ಟ ಕಲ್ಲಿಗೆ ಅಷ್ಟು ಬೆಲೆ. ಜರ್ಮನಿಯ ರೈಬಿಷ್ 1899ರಲ್ಲಿ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಕಲ್ಲಿನ ಗೆರೆ ಎಣಿಸಿ ವಯಸ್ಸು ಹೇಳಿದರು. 1971ರಲ್ಲಿ ಪನ್ನೆಲ್ಲಾ ಅವರು ಅದರೊಳಗೆ ದಿನಕ್ಕೊಂದರಂತೆ ಕೂರುವ ಗೆರೆಗಳೂ ಇವೆ ಎಂದು ತೋರಿಸಿದರು. ಇವತ್ತು ಮೀನಿನ ವಯಸ್ಸು, ಬೆಳವಣಿಗೆ, ಹುಟ್ಟಿದ ದಿನ, ಓಡಾಡಿದ ನೀರು, ಯಾವ ಗುಂಪಿಗೆ ಸೇರಿದ್ದು ಎಂಬ ಪ್ರಶ್ನೆಗಳಿಗೆಲ್ಲ ಜನ ಇದರೊಳಗೆ ಉತ್ತರ ಹುಡುಕುತ್ತಾರೆ.

ಈ ಬರಹ ಪ್ರಾಣಿಶಾಸ್ತ್ರ, ಮೀನುಗಾರಿಕೆ ಓದುವ ವಿದ್ಯಾರ್ಥಿಗಳಿಗೆ, ಪ್ರಾಜೆಕ್ಟ್ ಮಾಡಿಸುವ ಮೇಷ್ಟರಿಗೆ, ಕುತೂಹಲ ಇರುವ ಯಾರಿಗಾದರೂ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನಲ್ಲಿ ಗೆರೆ ಕಾಣುವುದು ಸುಲಭ. ಆ ಗೆರೆ ವರ್ಷದ್ದೋ, ಮಳೆಗಾಲದ್ದೋ, ಮೊಟ್ಟೆ ಇಟ್ಟ ಸುಸ್ತಿನದ್ದೋ ಎಂದು ಗೊತ್ತು ಮಾಡಿಕೊಳ್ಳುವುದೇ ನಿಜವಾದ ಕೆಲಸ. ನಮ್ಮ ಕರಾವಳಿಯಂಥ ಬೆಚ್ಚನೆಯ ಸಮುದ್ರದಲ್ಲಿ ಇದು ಇನ್ನೂ ಜಾಸ್ತಿ ನಿಜ.

ಮೊದಲು ಪ್ರಶ್ನೆ, ಆಮೇಲೆ ಮೀನು

ಸುಮ್ನೆ ಕಲ್ಲು ಕೂಡಿಹಾಕಲು ಹೊರಡಬೇಡಿ. ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. "ಈ ಮೀನು ಎಷ್ಟು ವರ್ಷ ಬದುಕುತ್ತದೆ?" ಎಂಬುದಾದರೆ ಅತಿ ದೊಡ್ಡ ಮೀನುಗಳು ಬೇಕೇ ಬೇಕು. "ಯಾವ ತಿಂಗಳಲ್ಲಿ ಹುಟ್ಟಿದ್ದು?" ಎಂಬುದಾದರೆ ಮರಿಗಳು ಬೇಕು, ಕಲ್ಲನ್ನು ತುಂಬಾ ತೆಳುವಾಗಿ ಉಜ್ಜಬೇಕು. "ಎಲ್ಲಿ ಬೆಳೆದದ್ದು?" ಎಂಬುದಾದರೆ ಲೋಹದ ಚಿಮಟ ಮುಟ್ಟಿಸಲೂ ಬಾರದು. ಪ್ರಶ್ನೆ ಬದಲಾದರೆ ಮೊದಲ ದಿನದ ಕೆಲಸವೇ ಬದಲಾಗುತ್ತದೆ.

ಕಲಿಯಲು ಕೊಡ್ಡಾಯಿ ಮೀನು ಒಳ್ಳೆಯದು. ಮಂಗಳೂರು, ಮಲ್ಪೆ ಕಡೆ ಸುಲಭವಾಗಿ ಸಿಗುತ್ತದೆ. ಅದರ ಜಾತಿಯ ಮೀನುಗಳ ಕಿವಿಕಲ್ಲು ಮೈಯಳತೆಗೆ ಹೋಲಿಸಿದರೆ ದೊಡ್ಡದು, ದಪ್ಪ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಬಂಗುಡೆಯದು ತೆಳು, ಕೆಲವೇ ಮಿಲಿಮೀಟರ್, ಚಿಮಟ ಒತ್ತಿದರೆ ಮುರಿಯುತ್ತದೆ. ಕೈ ಪಳಗಿದ ಮೇಲೆ ಅದಕ್ಕೆ ಬನ್ನಿ.

ಒಳನಾಡಿನವರಿಗೆ ಒಂದು ಎಚ್ಚರಿಕೆ. ಮೂರು ಜೊತೆ ಕಲ್ಲುಗಳಿಗೆ ಸ್ಯಾಜಿಟ್ಟಾ, ಲ್ಯಾಪಿಲಸ್, ಆಸ್ಟರಿಸ್ಕಸ್ ಎಂದು ಹೆಸರು. ಬಹುಪಾಲು ಸಮುದ್ರದ ಮೀನುಗಳಲ್ಲಿ ಸ್ಯಾಜಿಟ್ಟಾ ದೊಡ್ಡದು, ಓದುವುದು ಅದನ್ನೇ. ಕಟ್ಲಾ, ರೋಹುಗಳ ಜಾತಿಯಲ್ಲಿ ಸ್ಯಾಜಿಟ್ಟಾ ಉದ್ದವಾಗಿ ಸಣ್ಣಗಿರುತ್ತದೆ, ಕೈಗೆ ಸಿಗುವ ಮೊದಲೇ ಮುರಿಯುತ್ತದೆ. ಅಲ್ಲಿ ಲ್ಯಾಪಿಲಸ್ ಅಥವಾ ಆಸ್ಟರಿಸ್ಕಸ್ ಹುಡುಕಬೇಕು. ಜಿಲೇಬಿ ಮೀನಿನಲ್ಲಿ ಮತ್ತೆ ಸ್ಯಾಜಿಟ್ಟಾ. ಶಾರ್ಕ್, ತೊರಕೆಗಳಲ್ಲಿ ಇಂಥ ಗಟ್ಟಿ ಕಲ್ಲೇ ಇಲ್ಲ. ಅವುಗಳ ವಯಸ್ಸಿಗೆ ಸಾಮಾನ್ಯವಾಗಿ ಬೆನ್ನೆಲುಬಿನ ಮಣಿ ನೋಡುತ್ತಾರೆ. ಅಳಿವಿನ ಅಂಚಿನಲ್ಲಿರುವ ಕಾವೇರಿಯ ಮಹಶೀರ್‌ನಂಥ ಮೀನನ್ನು ಕಲಿಕೆಗಾಗಿ ಕೊಲ್ಲುವ ಯೋಚನೆಯೇ ಬೇಡ. ಕಲ್ಲು ತೆಗೆಯಲು ಮೀನು ಸಾಯಲೇಬೇಕು. ಹಾಗಾಗಿ ಮಾರುಕಟ್ಟೆಗೆ ಹೇಗೂ ಬಂದ ಮೀನನ್ನೇ ಬಳಸಿ.

ದಕ್ಕೆಯಲ್ಲಿ ಮಾಡಬೇಕಾದ್ದು

ಬೆಳಿಗ್ಗೆ ಬೋಟು ಬರುವ ಹೊತ್ತಿಗೆ ದಕ್ಕೆಯಲ್ಲಿರಿ. ಯಾವ ಬೋಟು, ಯಾವ ಬಲೆ, ಎಷ್ಟು ಆಳದಲ್ಲಿ ಹಿಡಿದದ್ದು ಎಂದು ಕೇಳಿ ಬರೆದುಕೊಳ್ಳಿ. ಮಾರುಕಟ್ಟೆಗೆ ಹೋದ ಮೇಲೆ ಈ ಮಾಹಿತಿ ಯಾರಿಗೂ ನೆನಪಿರುವುದಿಲ್ಲ.

ಎಲ್ಲ ಅಳತೆಯ ಮೀನೂ ಬೇಕು. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ತಪ್ಪಿಸಿಕೊಳ್ಳುತ್ತದೆ. ಸಣ್ಣ ಮೀನುಗಳಲ್ಲೂ ಬೇಗ ಬೆಳೆದವು ಮಾತ್ರ ಸಿಕ್ಕಿಬೀಳುತ್ತವೆ. ಅವನ್ನಷ್ಟೇ ನೋಡಿದರೆ ಎಲ್ಲ ಮೀನೂ ಬೇಗ ಬೆಳೆಯುತ್ತವೆ ಎಂಬ ತಪ್ಪು ಲೆಕ್ಕ ಬರುತ್ತದೆ. ಒಂದೊಂದು ಸೆಂಟಿಮೀಟರ್ ಅಳತೆಗೆ ಇಷ್ಟಿಷ್ಟು ಮೀನು ಎಂದು ಗುರಿ ಇಟ್ಟುಕೊಳ್ಳಿ. ಹತ್ತು ಮೀನು ಒಳ್ಳೆಯ ಆರಂಭ. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಕಸದಂತೆ ಬೀಳುವ ಮರಿಗಳನ್ನೂ ಬಿಡಬೇಡಿ.

ಒಂದೊಂದು ಮೀನಿಗೂ ಇವು ಬೇಕು: ನಂಬರ್, ಹಿಡಿದ ದಿನ, ಜಾಗ, ಬಲೆ, ಮಿಲಿಮೀಟರ್‌ನಲ್ಲಿ ಒಟ್ಟು ಉದ್ದ, ಗ್ರಾಂನಲ್ಲಿ ತೂಕ, ಗಂಡೋ ಹೆಣ್ಣೋ, ಮೊಟ್ಟೆ ಎಷ್ಟು ಬಲಿತಿದೆ. ಬಾಲದ ತುದಿ ಮುರಿದಿದ್ದರೆ ಅದನ್ನೂ ಬರೆಯಿರಿ. ಹಿಡಿದ ದಿನ ಗೊತ್ತಿಲ್ಲದ ಕಿವಿಕಲ್ಲಿನಿಂದ ಹುಟ್ಟಿದ ದಿನ ಲೆಕ್ಕ ಹಾಕಲಾಗದು, ಮುಂದೆ ಹೇಳುವ ಅಂಚಿನ ಪರೀಕ್ಷೆಯೂ ಆಗದು. ನನ್ನನ್ನು ಕೇಳಿದರೆ ಕಲ್ಲು ಕತ್ತರಿಸುವ ಸಾವಿರಾರು ರೂಪಾಯಿಯ ವಜ್ರದ ಬ್ಲೇಡಿಗಿಂತ ಇದನ್ನೆಲ್ಲ ಬರೆದಿಡುವ ಪುಸ್ತಕ ದೊಡ್ಡದು.

ಕಲ್ಲು ತೆಗೆಯುವುದು

ಬೇಕಾದ್ದು ಗಟ್ಟಿ ಚೂರಿ, ಚೂಪು ಮೂತಿಯ ಚಿಮಟ, ಒದ್ದೆ ಬಟ್ಟೆ, ಒಳ್ಳೆಯ ಬೆಳಕು. ಮೀನು ತಾಜಾ ಆಗಿರಲಿ, ಅಥವಾ ಫ್ರೀಜರಿನಿಂದ ತೆಗೆದು ಅರ್ಧ ಕರಗಿದ್ದಿರಲಿ.

ಮೇಲಿನಿಂದ ತೆಗೆಯುವ ದಾರಿ ಹೀಗಿದೆ. ಮೀನನ್ನು ಹೊಟ್ಟೆ ಕೆಳಗೆ ಮಾಡಿ ಹಿಡಿಯಿರಿ. ಕಿವಿರು ಮುಚ್ಚಳದ ಹಿಂದಿನ ಅಂಚಿಗಿಂತ ಸ್ವಲ್ಪ ಮುಂದೆ, ತಲೆಬುರುಡೆಗೆ ಅಡ್ಡವಾಗಿ ಚೂರಿ ಇಳಿಸಿ. ಬುರುಡೆ ಸೀಳಿದ ಕೂಡಲೇ ನಿಲ್ಲಿಸಿ, ಇನ್ನೂ ಇಳಿಸಿದರೆ ಕಲ್ಲೇ ತುಂಡಾಗುತ್ತದೆ. ತಲೆಯನ್ನು ಮುಂದಕ್ಕೆ ಬಗ್ಗಿಸಿದರೆ ಸೀಳು ಬಾಯಿ ತೆರೆಯುತ್ತದೆ. ಮಿದುಳನ್ನು ಮೆಲ್ಲಗೆ ಸರಿಸಿ. ಅದರ ಕೆಳಗೆ ಎಡ ಬಲದ ಗುಳಿಗಳಲ್ಲಿ ತೆಳು ಪೊರೆಯ ಚೀಲದೊಳಗೆ ಬಿಳಿ ಕಲ್ಲು ಕಾಣುತ್ತದೆ.

ಮೀನಿನ ಅಂದ ಕೆಡದೆ ಮಾರುವವರಿಗೆ ವಾಪಸ್ ಕೊಡಬೇಕಾದರೆ ಕೆಳಗಿನಿಂದ ತೆಗೆಯಿರಿ. ಕಿವಿರು ಮುಚ್ಚಳ ಎತ್ತಿ, ಕಿವಿರು ಕತ್ತರಿಸಿ, ಬುರುಡೆಯ ತಳದ ಮಾಂಸ ಕೆರೆದು ತೆಗೆಯಿರಿ. ಕೊಡ್ಡಾಯಿಯಲ್ಲಿ ಅಲ್ಲಿ ಎರಡು ಉಬ್ಬು ಸ್ಪಷ್ಟವಾಗಿ ಕಾಣುತ್ತವೆ. ಚೂರಿಯ ತುದಿಯಿಂದ ಉಬ್ಬನ್ನು ಒಡೆದರೆ ಕಲ್ಲು ಹೊರಗೆ. ಒಮ್ಮೆ ಕೈ ಕೂತರೆ ಒಂದು ಮೀನಿಗೆ ಒಂದೆರಡು ನಿಮಿಷ ಸಾಕು.

ಬೆರಳುದ್ದದ ಮರಿಯಾದರೆ ತಲೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಬಿಡಿಸಬೇಕು. ಧ್ರುವೀಕೃತ ಬೆಳಕು ಹಾಕಿದರೆ ಕಲ್ಲು ಥಟ್ಟನೆ ಹೊಳೆಯುತ್ತದೆ, ಹುಡುಕಾಟ ಉಳಿಯುತ್ತದೆ.

ತೆಗೆದ ತಕ್ಷಣ ನೀರಿನಲ್ಲಿ ಅದ್ದಿ, ಮೆತ್ತನೆ ಕುಂಚದಿಂದ ಪೊರೆ, ರಕ್ತ ಉಜ್ಜಿ ತೆಗೆಯಿರಿ. ಒಣಗಿದರೆ ಪೊರೆ ಅಂಟಿಕೊಂಡು ಬಿಡುತ್ತದೆ. ಆಮೇಲೆ ಕಲ್ಲನ್ನು ಚೆನ್ನಾಗಿ ಒಣಗಿಸಿ ಸಣ್ಣ ಪ್ಲಾಸ್ಟಿಕ್ ಬಾಟಲಿಗೋ ಕಾಗದದ ಲಕೋಟೆಗೋ ಹಾಕಿ. ಎಡ ಬಲ ಎರಡೂ ಒಂದೇ ಕಡೆ ಇರಲಿ. ನಂಬರನ್ನು ಪೆನ್ಸಿಲ್‌ನಿಂದ ಚೀಟಿಯಲ್ಲಿ ಬರೆದು ಒಳಗೇ ಹಾಕಿ. ಹೊರಗೆ ಬರೆದ ಶಾಯಿ ಅಳಿಸುತ್ತದೆ.

ಫಾರ್ಮಲಿನ್ ಮಾತ್ರ ಬೇಡ. ಅದು ನಿಧಾನವಾಗಿ ಆಮ್ಲೀಯವಾಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆ. ಕಾಲೇಜಿನ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿರುವ ಮೀನಿನೊಳಗೆ ಓದಲು ಯೋಗ್ಯ ಕಲ್ಲು ಸಿಗುವುದು ಕಷ್ಟ. ಮರಿಗಳನ್ನು ಇಡೀ ಕಾಪಾಡಬೇಕಾದರೆ 95 ಶೇಕಡಾ ಆಲ್ಕೋಹಾಲ್ ಬಳಸಿ. ರಾಸಾಯನಿಕ ಪರೀಕ್ಷೆಗೆ ಕಳಿಸುವ ಕಲ್ಲಾದರೆ ಪ್ಲಾಸ್ಟಿಕ್ ಚಿಮಟ, ಆಮ್ಲದಿಂದ ತೊಳೆದು ಒಣಗಿಸಿದ ಬಾಟಲಿ, ಅತಿ ಶುದ್ಧ ನೀರು ಬೇಕು. ಎಡಗಲ್ಲು ವಯಸ್ಸಿಗೆ, ಬಲಗಲ್ಲು ರಾಸಾಯನಿಕ ಪರೀಕ್ಷೆಗೆ ಎಂದು ಮೊದಲೇ ನಿಯಮ ಮಾಡಿಕೊಂಡರೆ ಆಮೇಲೆ ಗೊಂದಲವಿಲ್ಲ.

ಓದಲು ಸಿದ್ಧ ಮಾಡುವುದು

ತೂಕ, ಉದ್ದ, ಫೋಟೋ ಮೊದಲು ಆಗಲಿ. ಕತ್ತರಿಸಿದ ಮೇಲೆ ಅಳೆಯಲಾಗದು, ಅಲ್ವಾ? ಅದರಲ್ಲೂ ತೂಕ ಮುಖ್ಯ. ಮುದಿ ಮೀನಿನ ಮೈ ಉದ್ದ ಬೆಳೆಯುವುದು ಹೆಚ್ಚುಕಮ್ಮಿ ನಿಂತರೂ ಕಿವಿಕಲ್ಲು ದಪ್ಪವಾಗುತ್ತಲೇ ಇರುತ್ತದೆ.

ತೆಳು ಕಲ್ಲಾದರೆ ಹಾಗೇ ಓದಬಹುದು. ಕಪ್ಪು ತಟ್ಟೆಯಲ್ಲಿ ನೀರು ಅಥವಾ ಗ್ಲಿಸರಿನ್ ಹಾಕಿ, ಕಲ್ಲನ್ನು ಮುಳುಗಿಸಿ, ಮೇಲಿನಿಂದ ಬೆಳಕು ಬಿಡಿ. ಬೆಳಕು ಹಾಯದ ಪಟ್ಟೆ ಬಿಳಿಯಾಗಿ, ಬೆಳಕು ಹಾಯುವ ಪಟ್ಟೆ ಕಪ್ಪಾಗಿ ಕಾಣುತ್ತದೆ. ಕೆಳಗಿನಿಂದ ಬೆಳಕು ಬಿಟ್ಟರೆ ಇದು ಪೂರ್ತಿ ಉಲ್ಟಾ. ಹಾಗಾಗಿ ಪುಸ್ತಕದಲ್ಲಿ "ಬಿಳಿ ಪಟ್ಟೆ, ಕಪ್ಪು ಪಟ್ಟೆ" ಎಂದು ಬರೆಯಬೇಡಿ. ಬೆಳಕು ಹಾಯುತ್ತದೋ ಇಲ್ಲವೋ ಎಂದೇ ಬರೆಯಿರಿ.

ದಪ್ಪ ಕಲ್ಲಿಗೆ ಇದು ಸಾಲದು. ಹಳೆಯ ಗೆರೆಗಳು ಒಳಗೆ ಹೂತಿರುತ್ತವೆ, ಹೊಸ ಗೆರೆಗಳು ಅಂಚಿನಲ್ಲಿ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಕಲ್ಲನ್ನು ಅಡ್ಡಲಾಗಿ, ಸರಿಯಾಗಿ ನಡುಬಿಂದುವಿನ ಮೂಲಕ ಕತ್ತರಿಸಬೇಕು. ನಡುಬಿಂದು ಎಂದರೆ ಮರಿ ಹುಟ್ಟಿದಾಗ ಇದ್ದ ಭಾಗ. ಅದನ್ನು ತಪ್ಪಿ ಆಚೀಚೆ ಕತ್ತರಿಸಿದರೆ ಮೊದಲ ಗೆರೆಯೇ ಕಾಣೆಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ, ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ.

ಕೈಯಲ್ಲಿ ದುಡ್ಡಿಲ್ಲದವರಿಗೆ ಮುರಿದು ಸುಡುವ ವಿಧಾನವಿದೆ. ಗುರುತಿನ ಮೇಲೆ ಕಲ್ಲನ್ನು ಎರಡಾಗಿ ಮುರಿಯಿರಿ. ಮುರಿದ ಮುಖವನ್ನು ಎಮರಿ ಪೇಪರಿನಲ್ಲಿ ನಯ ಮಾಡಿ, ಸ್ಪಿರಿಟ್ ದೀಪದ ಉರಿಗೆ ಹಿಡಿಯಿರಿ. ಪ್ರೋಟೀನ್ ಜಾಸ್ತಿ ಇರುವ ಗೆರೆಗಳು ಮೊದಲು ಕಂದುಬಣ್ಣಕ್ಕೆ ತಿರುಗುತ್ತವೆ. ಅಲ್ಲಿಗೆ ನಿಲ್ಲಿಸಿ, ಇನ್ನೂ ಸುಟ್ಟರೆ ಬೂದಿಯಾಗಿ ಪುಡಿಯಾಗುತ್ತದೆ. ಒಂದು ಹನಿ ಎಣ್ಣೆ ಸವರಿ ಮೇಲಿನ ಬೆಳಕಿನಲ್ಲಿ ನೋಡಿ. ಇದು ಬಡವರ ವಿಧಾನ ಎಂದು ಕಡೆಗಣಿಸಬೇಡಿ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ದೀರ್ಘಾಯುಷಿ ಮೀನುಗಳ ವಯಸ್ಸು ಹೇಳಲು ಸರ್ಕಾರಿ ಪ್ರಯೋಗಾಲಯಗಳೇ ಇದನ್ನು ಬಳಸಿವೆ.

ಪ್ರಯೋಗಾಲಯ ಇದ್ದರೆ ಕಲ್ಲನ್ನು ಎಪಾಕ್ಸಿ ಅಂಟಿನಲ್ಲಿ ಹೂತು, ಒಂದು ದಿನ ಗಟ್ಟಿಯಾಗಲು ಬಿಟ್ಟು, ನಿಧಾನವಾಗಿ ತಿರುಗುವ ವಜ್ರದ ಬ್ಲೇಡಿನಿಂದ 0.3ರಿಂದ 0.5 ಮಿಲಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ. ಗಾಜಿನ ಸ್ಲೈಡಿಗೆ ಅಂಟಿಸಿ. ಮೇಲ್ಮೈಯನ್ನು ವಾಟರ್ ಪೇಪರಿನಲ್ಲಿ, ಗಾಡಿಗೆ ಬಣ್ಣ ಹೊಡೆಯುವವರು ಬಳಸುತ್ತಾರಲ್ಲ, ಅದರಲ್ಲಿ 600, 1200, 2000 ನಂಬರಿನ ಕ್ರಮದಲ್ಲಿ ಉಜ್ಜಿ. ಯಾವಾಗಲೂ ನೀರು ಹಾಕಿಯೇ ಉಜ್ಜಿ. ಒಣ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಪಾಕ್ಸಿ ಗಟ್ಟಿಯಾಗುವ ಮೊದಲು ಕೈಗವಸಿಲ್ಲದೆ ಮುಟ್ಟಬೇಡಿ.

ಎಣಿಸುವಾಗ ಮೀನಿನ ಉದ್ದ ನೋಡಬೇಡಿ

ಇದು ನಾನು ರಾಜಿ ಮಾಡಿಕೊಳ್ಳದ ನಿಯಮ. ಉದ್ದ ಗೊತ್ತಿದ್ದರೆ ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ದೊಡ್ಡ ಮೀನು ಎಂದು ತಿಳಿದರೆ ಒಂದು ಗೆರೆ ಜಾಸ್ತಿ ಕಾಣುತ್ತದೆ. ಬೇರೆಯವರಿಂದ ಸ್ಲೈಡುಗಳಿಗೆ ಹೊಸ ನಂಬರ್ ಹಾಕಿಸಿ, ಕಲಸಿ, ಆಮೇಲೆ ಎಣಿಸಿ. ಕೆಲವು ವಾರ ಬಿಟ್ಟು ಮತ್ತೆ ಎಣಿಸಿ. ಇನ್ನೊಬ್ಬರಿಂದಲೂ ಎಣಿಕೆ ಮಾಡಿಸಿ. ಒಂದೊಂದು ಸಲವೂ ಅಂಚಿನಲ್ಲಿ ಯಾವ ಪಟ್ಟೆ ಇದೆ, ಓದಲು ಎಷ್ಟು ಸ್ಪಷ್ಟ ಎಂಬುದನ್ನೂ ಬರೆಯಿರಿ.

ಸುಳ್ಳು ಗೆರೆಗಳು ಬಂದೇ ಬರುತ್ತವೆ. ಕಲ್ಲಿನ ಸುತ್ತಲೂ ತುಂಡಾಗದೆ ಹೋಗುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಸ್ವಲ್ಪ ದೂರ ಹೋಗಿ ಮಾಯವಾಗುವುದನ್ನು ಬಿಡಿ. ಎರಡು ಗೆರೆ ಅಂಟಿಕೊಂಡು ಬಂದು ಒಂದು ಕಡೆ ಕೂಡಿಕೊಂಡರೆ ಅದು ಒಂದೇ ಗೆರೆ. ನಿಯಮ ಯಾವುದೇ ಇರಲಿ, ಮೊದಲೇ ಬರೆದಿಟ್ಟು ಎಲ್ಲ ಕಲ್ಲಿಗೂ ಅದನ್ನೇ ಹಚ್ಚಿ.

ಇಬ್ಬರ ಎಣಿಕೆ ಎಷ್ಟು ಹತ್ತಿರ ಎಂದು ಅಳೆಯಲು ಪ್ರತಿ ಮೀನಿಗೆ ಎಣಿಕೆಗಳ ಮಾನಕ ವಿಚಲನೆಯನ್ನು (ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿ. ಎಲ್ಲ ಮೀನುಗಳ ಸರಾಸರಿ ಸುಮಾರು 5 ಶೇಕಡಾ ಇದ್ದರೆ ಒಳ್ಳೆಯದು ಎಂದು ಹಲವು ಪ್ರಯೋಗಾಲಯಗಳು ಹಿಡಿಯುತ್ತವೆ. ಆದರೆ ನಮ್ಮ ಮೀನುಗಳಿಗೆ ಇದು ಕಠಿಣ ಗುರಿ. ಒಬ್ಬರು 3, ಇನ್ನೊಬ್ಬರು 4 ಎಂದರೆ ಆ ಮೀನಿನದೇ 20 ಶೇಕಡಾ ಆಯಿತು! ಕಡಿಮೆ ಆಯುಸ್ಸಿನ ಮೀನಿನಲ್ಲಿ ಒಂದೇ ಗೆರೆಯ ಜಗಳವೂ ದೊಡ್ಡದು. ಇಬ್ಬರೂ ಜೊತೆಗೆ ಕೂತು ನೋಡಿಯೂ ಒಪ್ಪದ ಕಲ್ಲನ್ನು ಕೈಬಿಡಿ. ಎಷ್ಟು ಕೈಬಿಟ್ಟಿರಿ ಎಂದು ವರದಿಯಲ್ಲಿ ಬರೆಯಿರಿ.

ಗೆರೆ ಅಂದರೆ ವರ್ಷವೇ?

ಇಬ್ಬರೂ ಒಪ್ಪಿದರು ಎಂದ ಮಾತ್ರಕ್ಕೆ ವಯಸ್ಸು ಸರಿ ಎಂದಲ್ಲ. ಇಬ್ಬರೂ ಒಂದೇ ತಪ್ಪನ್ನು ಚೆನ್ನಾಗಿ ಮಾಡಬಹುದು. ಇದರ ಬೆಲೆ ಎಷ್ಟೆಂದು ತಿಳಿಯಲು ಆರೆಂಜ್ ರಫಿಯ ಕಥೆ ಸಾಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆಯ ಆಳ ಸಮುದ್ರದ ಮೀನು ಅದು. 1970ರ ದಶಕದ ಕೊನೆಯಿಂದ ಅದನ್ನು ರಾಶಿ ರಾಶಿ ಹಿಡಿಯತೊಡಗಿದರು. ಇಡೀ ಕಲ್ಲನ್ನು ಮೇಲಿನಿಂದ ನೋಡಿ ಮೊದಮೊದಲು ಹೇಳಿದ ವಯಸ್ಸು ಕೆಲವೇ ದಶಕ. ಆಮೇಲೆ ಕಲ್ಲನ್ನು ಕತ್ತರಿಸಿ ಓದಿದರು. ಅದರೊಳಗಿನ ವಿಕಿರಣಶೀಲ ಸೀಸ ಮತ್ತು ರೇಡಿಯಂನ ಅನುಪಾತವನ್ನೂ ಅಳೆದರು. 1991ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಆ ಮೀನು ನೂರು ವರ್ಷ ದಾಟಿ ಬದುಕುವುದು ತಿಳಿಯಿತು. ಮೊಟ್ಟೆ ಇಡಲು ಶುರುಮಾಡುವುದೇ ಸುಮಾರು ಮೂವತ್ತರ ಹೊತ್ತಿಗೆ. ಅಷ್ಟು ನಿಧಾನದ ಮೀನನ್ನು ಬೇಗ ಬೆಳೆಯುವ ಮೀನಿನಂತೆ ಹಿಡಿದಿದ್ದರು. ಹಲವು ಕಡೆ ಅದರ ಸಂಖ್ಯೆ ಕುಸಿದುಹೋಯಿತು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ರಕ್ಷಣೆ ಬೇಕಾದ ಮೀನುಗಳ ಪಟ್ಟಿಗೆ ಸೇರಿಸಿತು. ಉತ್ತರ ಅಮೆರಿಕದ ಸಿಹಿನೀರಿನ ಬಿಗ್‌ಮೌತ್ ಬಫಲೋ ಕೂಡ ಇಂಥದ್ದೇ. ಸುಮಾರು 26 ವರ್ಷ ಎಂದುಕೊಂಡಿದ್ದ ಆಯುಸ್ಸು 2019ರ ಅಧ್ಯಯನದಲ್ಲಿ 112 ವರ್ಷಕ್ಕೆ ಹೋಯಿತು.

ಚಳಿದೇಶಗಳಲ್ಲಿ ಬೇಸಿಗೆ, ಚಳಿಗಾಲದ ವ್ಯತ್ಯಾಸ ದೊಡ್ಡದು. ಗೆರೆಯೂ ಸ್ಪಷ್ಟ. ಅರಬ್ಬಿ ಸಮುದ್ರದ ನಮ್ಮ ಕಡೆ ವರ್ಷವಿಡೀ ನೀರು ಬೆಚ್ಚಗೆ. ಮುಂಗಾರಿನಲ್ಲಿ ಮಾತ್ರ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ಮೇಲೇಳುತ್ತದೆ. ಹಲವು ಮೀನುಗಳು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡುತ್ತವೆ. ಗೆರೆ ವರ್ಷಕ್ಕೆ ಒಂದೂ ಆಗಬಹುದು, ಎರಡೂ ಆಗಬಹುದು, ಕೆಲವು ಮೀನಿನಲ್ಲಿ ಯಾವ ಕ್ರಮವೂ ಇಲ್ಲದಿರಬಹುದು. ಬೇರೆ ದೇಶದ ಪುಸ್ತಕದಲ್ಲಿದೆ ಎಂದು ನಮ್ಮ ಕೊಡ್ಡಾಯಿಗೂ ವರ್ಷಕ್ಕೊಂದೇ ಎಂದು ಬರೆಯುವುದು ಸರಿಯಲ್ಲ.

ವಿದ್ಯಾರ್ಥಿಗಳ ಕೈಗೆಟುಕುವ ಪರೀಕ್ಷೆ ಅಂಚಿನ ಅಳತೆ. ಪ್ರತಿ ತಿಂಗಳೂ ಮೀನು ತನ್ನಿ, ಕಡಿಮೆ ಎಂದರೆ ಹನ್ನೆರಡು ತಿಂಗಳು. ಕೊನೆಯ ಗೆರೆಯಿಂದ ಕಲ್ಲಿನ ಅಂಚಿನವರೆಗಿನ ದೂರ ಅಳೆಯಿರಿ. ಅದನ್ನು ಅದರ ಹಿಂದಿನ ಎರಡು ಗೆರೆಗಳ ನಡುವಿನ ದೂರದಿಂದ ಭಾಗಿಸಿ. ಹೊಸ ಗೆರೆ ಈಗಷ್ಟೇ ಕೂತಿದ್ದರೆ ಉತ್ತರ ಸೊನ್ನೆಯ ಹತ್ತಿರ, ಮುಂದಿನ ಗೆರೆಗೆ ಸಮಯ ಹತ್ತಿರವಾದರೆ ಒಂದರ ಹತ್ತಿರ. ತಿಂಗಳವಾರು ಸರಾಸರಿಯನ್ನು ಗ್ರಾಫಿನಲ್ಲಿ ಹಾಕಿ. ವರ್ಷದಲ್ಲಿ ಒಂದೇ ಸಲ ಕುಸಿದು ಮತ್ತೆ ಏರಿದರೆ ವರ್ಷಕ್ಕೊಂದು ಗೆರೆ. ಎರಡು ಸಲ ಕುಸಿದರೆ ಎರಡು. ಒಂದೊಂದು ವಯಸ್ಸಿನ ಗುಂಪಿಗೂ ಬೇರೆ ಗ್ರಾಫ್ ಮಾಡಿ. ಎಳೆಯ ಮೀನಿನಲ್ಲಿ ಸರಿಯಾದದ್ದು ಹಳೆಯ ಮೀನಿನಲ್ಲೂ ಸರಿ ಎಂದೇನಿಲ್ಲ.

ಇಲ್ಲಿ ನಮ್ಮ ಕರಾವಳಿಯ ಒಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಗೆರೆ ಕೂರುವ ಸಾಧ್ಯತೆ ಇರುವ ತಿಂಗಳಲ್ಲೇ ದಕ್ಕೆ ಖಾಲಿ. ಆ ಎರಡು ತಿಂಗಳು ನಾಡದೋಣಿಯವರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ. ನಿಷೇಧದಲ್ಲಿ ಸಣ್ಣ ದೋಣಿಗಳಿಗೆ ದಡದ ಹತ್ತಿರ ಅವಕಾಶವಿದೆ. ಬಲೆ ಬೇರೆ, ಜಾಗ ಬೇರೆ ಎಂಬುದನ್ನು ಮಾತ್ರ ಪುಸ್ತಕದಲ್ಲಿ ಗುರುತಿಸಿ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಬಣ್ಣದ ಗುರುತು ಇದೆ. ಮೀನಿಗೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಅಥವಾ ಮರಿಯನ್ನು ಅಲಿಜರಿನ್ ಎಂಬ ಬಣ್ಣದ ದ್ರಾವಣದಲ್ಲಿಟ್ಟರೆ ಆ ದಿನದ ಪದರದಲ್ಲಿ ಬಣ್ಣ ಕೂರುತ್ತದೆ. ತೊಟ್ಟಿಯಲ್ಲಿ ಸಾಕಿ, ಗೊತ್ತಿರುವ ದಿನಗಳ ನಂತರ ಕಲ್ಲು ತೆಗೆದು, ಬಣ್ಣದ ಆಚೆ ಎಷ್ಟು ಗೆರೆ ಇದೆ ಎಂದು ನೋಡಬಹುದು. ಜಿಲೇಬಿ ಮೀನಿನಲ್ಲಿ ದಿನದ ಗೆರೆ ಪರೀಕ್ಷಿಸಲು ಕಾಲೇಜಿನಲ್ಲೇ ಮಾಡಬಹುದಾದ ಕೆಲಸ. ಸಂಸ್ಥೆಯ ಅನುಮತಿ ಮೊದಲು ಪಡೆಯಿರಿ. ಆ ಮೀನನ್ನು ತಿನ್ನಬೇಡಿ. ಟೆಟ್ರಾಸೈಕ್ಲಿನ್ ಗುರುತಿನ ಕಲ್ಲನ್ನು ಕತ್ತಲಲ್ಲಿಡಿ, ಬೆಳಕಿಗೆ ಗುರುತು ಮಾಸುತ್ತದೆ. ದೊಡ್ಡ ಪ್ರಯೋಗಾಲಯಗಳು 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಸಮುದ್ರ ಸೇರಿದ ಕಾರ್ಬನ್-14 ಅನ್ನು ಕಲ್ಲಿನ ನಡುಬಿಂದುವಿನಲ್ಲಿ ಅಳೆದು ಹುಟ್ಟಿದ ವರ್ಷ ಪರೀಕ್ಷಿಸುತ್ತವೆ.

ವಯಸ್ಸಿನಿಂದ ಬೆಳವಣಿಗೆಗೆ

ವಯಸ್ಸು, ಉದ್ದದ ಜೋಡಿ ಸಿಕ್ಕ ಮೇಲೆ, ವಯಸ್ಸಿನ ಜೊತೆ ಉದ್ದ ಹೇಗೆ ಬೆಳೆಯುತ್ತದೆ ಎಂದು ಹೇಳುವ ಫಾನ್ ಬರ್ಟಲಾನ್ಫಿ ಸೂತ್ರ ಹಚ್ಚುತ್ತಾರೆ. ಅದರಲ್ಲಿ ಮೂರು ಅಂಕಿ. ಎಲ್ ಇನ್ಫಿನಿಟಿ ಎಂದರೆ ಮೀನು ಸರಾಸರಿಯಲ್ಲಿ ಮುಟ್ಟಬಹುದಾದ ಕೊನೆಯ ಉದ್ದ. ಕೆ ಎಂದರೆ ಆ ಉದ್ದದ ಕಡೆಗೆ ಎಷ್ಟು ಬೇಗ ಸಾಗುತ್ತದೆ ಎಂಬುದು. ಕೆ ಜಾಸ್ತಿ ಎಂದರೆ ದಿನಕ್ಕೆ ಜಾಸ್ತಿ ಮಿಲಿಮೀಟರ್ ಬೆಳೆಯುತ್ತದೆ ಎಂದಲ್ಲ. ಹಲವರು ಇಲ್ಲಿ ಎಡವುತ್ತಾರೆ. ಟಿ ಸೊನ್ನೆ, ಅಂದರೆ ಸೂತ್ರದ ಪ್ರಕಾರ ಉದ್ದ ಸೊನ್ನೆಯಾಗುವ ವಯಸ್ಸು, ಕೇವಲ ಲೆಕ್ಕದ ಅನುಕೂಲಕ್ಕೆ. ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು, ಫೋಟೋದ ಮೇಲೆ ಅಳೆಯಲು ಇಮೇಜ್‌ಜೆ ಕೂಡ ಉಚಿತ. ಅತಿ ಸಣ್ಣ ಮತ್ತು ಅತಿ ದೊಡ್ಡ ಮೀನು ಇಲ್ಲದಿದ್ದರೆ ಸೂತ್ರ ಏನೋ ಒಂದು ಅಂಕಿ ಕೊಡುತ್ತದೆ, ಆದರೆ ಅದನ್ನು ನಂಬಲಾಗದು.

ಒಂದೇ ಮೀನಿನ ಹಿಂದಿನ ಉದ್ದವನ್ನೂ ಅಂದಾಜಿಸಬಹುದು. ಉದಾಹರಣೆಗೆ ಮೀನು 200 ಮಿಲಿಮೀಟರ್, ಕಲ್ಲಿನ ನಡುವಿನಿಂದ ಅಂಚಿಗೆ 4 ಮಿಲಿಮೀಟರ್, ಮೊದಲ ಗೆರೆ 2.4ರಲ್ಲಿ ಎಂದಿಟ್ಟುಕೊಳ್ಳಿ. ನೇರ ಅನುಪಾತದಲ್ಲಿ ಮೊದಲ ಗೆರೆಯ ಹೊತ್ತಿಗೆ ಮೀನು 120 ಮಿಲಿಮೀಟರ್ ಇತ್ತು. ಆದರೆ ಕಲ್ಲು ಮತ್ತು ಮೈ ಒಂದೇ ಅನುಪಾತದಲ್ಲಿ ಬೆಳೆಯುತ್ತವೆಯೇ ಎಂದು ನಿಮ್ಮ ಮೀನುಗಳಲ್ಲೇ ಗ್ರಾಫ್ ಹಾಕಿ ನೋಡದೆ ಈ ಲೆಕ್ಕ ಮಾಡಬೇಡಿ.

ಮೀನುಗಾರಿಕೆಗೆ ನೇರ ಉಪಯೋಗ ಬರುವುದು ವಯಸ್ಸು-ಉದ್ದದ ಕೋಷ್ಟಕ. 18 ಸೆಂಟಿಮೀಟರ್ ಗುಂಪಿನ ಹತ್ತು ಮೀನುಗಳಲ್ಲಿ ಆರು ಒಂದು ವರ್ಷದವು, ನಾಲ್ಕು ಎರಡು ವರ್ಷದವು ಎಂದುಕೊಳ್ಳಿ. ಆ ದಿನ ಆ ಅಳತೆಯ ಸಾವಿರ ಮೀನು ಬಂದಿದ್ದರೆ 600 ಮತ್ತು 400 ಎಂದು ಹಂಚಬಹುದು. ಎಲ್ಲ ಅಳತೆಗೂ ಹೀಗೆ ಮಾಡಿದರೆ ಹಿಡಿದ ಮೀನಿನ ವಯಸ್ಸಿನ ಚಿತ್ರ ಸಿಗುತ್ತದೆ. ಹೆಚ್ಚು ವಯಸ್ಸಿನ ಮೀನುಗಳು ವರ್ಷದಿಂದ ವರ್ಷಕ್ಕೆ ಮಾಯವಾಗುತ್ತಿದ್ದರೆ ಹಿಡಿಯುವುದು ಜಾಸ್ತಿಯಾಗಿದೆಯೇ ಎಂದು ಕೇಳಬೇಕಾಗುತ್ತದೆ. ಈ ವರ್ಷದ ಕೋಷ್ಟಕವನ್ನು ಮುಂದಿನ ವರ್ಷಕ್ಕೆ ಹಾಗೇ ಬಳಸಬಾರದು.

ಬೂತಾಯಿ ಮರಿಯ ಹುಟ್ಟಿದ ದಿನ

ಕೆಲವೇ ವರ್ಷ ಬದುಕುವ ಬೂತಾಯಿ, ಬಂಗುಡೆಗಳಿಗೆ ದಿನದ ಗೆರೆ ಹೆಚ್ಚು ಹೇಳುತ್ತದೆ. ಕಲ್ಲನ್ನು ಎರಡೂ ಬದಿಯಿಂದ ಉಜ್ಜಿ, ಕೆಲವು ಹತ್ತು ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾಗಿಸಿ, ಕೊನೆಗೆ 0.3 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ ಮಿರುಗಿಸಬೇಕು. ಆಗಾಗ ಉಜ್ಜುವುದನ್ನು ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಒಂದೆರಡು ತಿಕ್ಕು ಜಾಸ್ತಿಯಾದರೆ ನಡುಬಿಂದುವೇ ಹೋಗುತ್ತದೆ. 400ರಿಂದ 1000 ಪಟ್ಟು ದೊಡ್ಡದಾಗಿಸಿ ಎಣಿಸಬೇಕು. ಗೆರೆಗಳ ಅಗಲ ಸುಮಾರು ಒಂದರಿಂದ ಕೆಲವು ಮೈಕ್ರಾನ್.

ಅಕ್ಟೋಬರ್ 10ರಂದು ಹಿಡಿದ ಮರಿಯಲ್ಲಿ 95 ಗೆರೆ ಇದ್ದರೆ ಮೊದಲ ಗೆರೆ ಕೂತದ್ದು ಜುಲೈ 7ರ ಸುಮಾರಿಗೆ. ಕೆಲವು ಮೀನುಗಳಲ್ಲಿ ಮೊದಲ ಗೆರೆ ಮೊಟ್ಟೆ ಒಡೆದ ದಿನ, ಕೆಲವದರಲ್ಲಿ ಮರಿ ಮೊದಲ ಸಲ ಆಹಾರ ತಿಂದಾಗ. ಆ ವ್ಯತ್ಯಾಸದ ದಿನಗಳನ್ನು ಸೇರಿಸಿಕೊಳ್ಳಬೇಕು. ನೂರಾರು ಮರಿಗಳ ಹುಟ್ಟಿದ ದಿನಗಳನ್ನು ಮಳೆ, ಸಮುದ್ರದ ತಾಪಮಾನದ ಪಕ್ಕದಲ್ಲಿಟ್ಟರೆ ಮುಂಗಾರಿನ ಯಾವ ಹಂತದಲ್ಲಿ ಹುಟ್ಟಿದವು ಉಳಿದುಕೊಂಡವು ಎಂಬ ಪ್ರಶ್ನೆ ತೆರೆಯುತ್ತದೆ. ಬೂತಾಯಿ ಬೆಳೆ ವರ್ಷದಿಂದ ವರ್ಷಕ್ಕೆ ಏರಿಳಿಯುವ ನಮ್ಮ ಕರಾವಳಿಗೆ ಇದಕ್ಕಿಂತ ಉಪಯುಕ್ತ ಪ್ರಾಜೆಕ್ಟ್ ನನಗೆ ತೋಚುವುದಿಲ್ಲ. ನಿಮಗೆ ಸಿಗುವುದು ಬದುಕಿ ಉಳಿದ ಮರಿಗಳು ಮಾತ್ರ ಎಂಬುದು ನೆನಪಿರಲಿ. ಹುಟ್ಟಿ ಸತ್ತವು ಲೆಕ್ಕದಲ್ಲಿಲ್ಲ.

ಯಾವ ನೀರು, ಯಾವ ಗುಂಪು

ಕಲ್ಲು ಬೆಳೆಯುವಾಗ ಸುತ್ತಲಿನ ನೀರಿನ ಧಾತುಗಳೂ ಸ್ವಲ್ಪ ಸ್ವಲ್ಪ ಒಳಸೇರುತ್ತವೆ. ಸಮುದ್ರದ ನೀರಿನಲ್ಲಿ ಸ್ಟ್ರಾನ್ಷಿಯಂ ಲೀಟರಿಗೆ ಸುಮಾರು 8 ಮಿಲಿಗ್ರಾಂ, ನದಿಯಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಬೇರಿಯಂ ಹೆಚ್ಚಾಗಿ ನದಿ ನೀರಿನಲ್ಲಿ ಜಾಸ್ತಿ. ಲೇಸರ್ ಹಾಯಿಸಿ ನಡುವಿನಿಂದ ಅಂಚಿನವರೆಗೆ ಇವನ್ನು ಅಳೆದರೆ ಮೀನು ಯಾವ ವಯಸ್ಸಿನಲ್ಲಿ ಅಳಿವೆಗೆ ಬಂತು, ಯಾವಾಗ ಸಮುದ್ರಕ್ಕೆ ಹೋಯಿತು ಎಂದು ಊಹಿಸಬಹುದು. ಹಿಲ್ಸಾ ಮೀನಿನ ಓಡಾಟವನ್ನು ಸ್ಟ್ರಾನ್ಷಿಯಂ ಐಸೋಟೋಪುಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಹೀಗೆ ಹಿಂಬಾಲಿಸಿದ್ದಾರೆ. ನೇತ್ರಾವತಿ, ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ಬೆಳೆಯುವ ಕಾಣೆಯಂಥ ಮೀನಿಗೂ ಈ ಪ್ರಶ್ನೆ ಹೊಂದುತ್ತದೆ. ಮೀನಿನ ಜೊತೆ ಆಯಾ ಜಾಗದ ನೀರನ್ನೂ ಅಳೆಯಿರಿ. ಉಷ್ಣತೆ, ಮೀನಿನ ದೇಹಸ್ಥಿತಿ ಕೂಡ ಈ ಅಂಕಿಗಳನ್ನು ಬದಲಿಸುತ್ತವೆ.

ಅಟ್ಲಾಂಟಿಕ್ ಸಾಗರದ ಬ್ಲೂಫಿನ್ ಟ್ಯೂನಾ ಮೆಡಿಟರೇನಿಯನ್‌ನಲ್ಲಿ ಹುಟ್ಟಿದ್ದೋ ಮೆಕ್ಸಿಕೋ ಕೊಲ್ಲಿಯಲ್ಲೋ ಎಂದು ನಡುಬಿಂದುವಿನ ಆಮ್ಲಜನಕ ಐಸೋಟೋಪಿನಿಂದ ಬೇರ್ಪಡಿಸುತ್ತಾರೆ. ಅಲಾಸ್ಕಾದಲ್ಲಿ ಮರಿಕೇಂದ್ರದ ಸಾಲ್ಮನ್ ಮರಿಗಳಿಗೆ ನೀರಿನ ತಾಪ ಏರಿಳಿಸಿ ಬೇಕೆಂದೇ ಗುರುತು ಕೂರಿಸುತ್ತಾರೆ.

ಅಗ್ಗದ ದಾರಿ ಆಕಾರ. ಎಲ್ಲ ಎಡಗಲ್ಲುಗಳನ್ನೂ ಒಂದೇ ಭಂಗಿಯಲ್ಲಿಟ್ಟು ಫೋಟೋ ತೆಗೆದು ಅಂಚಿನ ರೇಖೆಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ ಕಾರವಾರದ ಮೀನು, ಮಂಗಳೂರಿನ ಮೀನು ಬೇರೆ ಗುಂಪೇ ಎಂದು ನೋಡಬಹುದು. ಒಂದು ಎಚ್ಚರ ಬೇಕು. ಮೀನು ದೊಡ್ಡದಾದಂತೆ ಆಕಾರವೂ ಬದಲಾಗುತ್ತದೆ. ಒಂದು ಕಡೆಯ ಸಣ್ಣ ಮೀನನ್ನು ಇನ್ನೊಂದು ಕಡೆಯ ದೊಡ್ಡ ಮೀನಿನ ಜೊತೆ ಹೋಲಿಸಿದರೆ ಇಲ್ಲದ ಗುಂಪುಗಳು ಹುಟ್ಟಿಕೊಳ್ಳುತ್ತವೆ. ಒಂದೇ ಅಳತೆ, ಒಂದೇ ವಯಸ್ಸು, ಒಂದೇ ಋತುವಿನವು ಇರಲಿ. ಆಕಾರ ಬೇರೆಯಾದರೆ ಬೆಳೆದ ಪರಿಸರ ಬೇರೆ ಇರಬಹುದು ಎಂದಷ್ಟೇ ಹೇಳಬಹುದು. ವಂಶವೇ ಬೇರೆ ಎನ್ನಲು ಡಿಎನ್‌ಎ ಬೇಕು.

ಓದಿ ಮುಗಿದ ಕಲ್ಲುಗಳು

ಎಸೆಯಬೇಡಿ. ಎರಡೂ ಪರೀಕ್ಷೆಗೆ ಬೇಕಾಗದಿದ್ದರೆ ಜೊತೆಯಲ್ಲಿ ಒಂದನ್ನು ಕತ್ತರಿಸದೆ ಉಳಿಸಿ. ಒಣ ಬಾಟಲಿ, ಒಳಗೆ ಚೀಟಿ, ಪುಸ್ತಕದ ಒಂದು ನಕಲು ಬೇರೆ ಕಡೆ. ಸ್ಲೈಡುಗಳ ಫೋಟೋವನ್ನು ಎಣಿಸಿದ ಗೆರೆಗಳ ಗುರುತಿನ ಸಮೇತ ಇಡಿ. ನಾಳೆ ಇನ್ನೊಬ್ಬರು ನಿಮ್ಮ ಎಣಿಕೆ ಒಪ್ಪದಿದ್ದರೆ ಎಲ್ಲಿ ಬೇರೆಯಾದಿರಿ ಎಂದು ಆಗಲೇ ಗೊತ್ತಾಗುವುದು. ಪ್ರಾಜೆಕ್ಟ್ ಮುಗಿದು ನಿಮಗೆ ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು, ಕಾರವಾರ ಕಚೇರಿಗಳಲ್ಲಿ ಕೇಳಿ ನೋಡಿ. ಕೊಡುವಾಗ ಕಲ್ಲಿನ ಜೊತೆ ಪುಸ್ತಕದ ನಕಲನ್ನೂ ಕೊಡಿ.